ಪಟ್ಟಿಯಲ್ಲಿ ನಮ್ಮ ಹೆಸರಿದೆ, ಅಷ್ಟಕ್ಕೇ ಸಾಕಾ?

(ಗೌರಿಬಿದನೂರು ತಾಲ್ಲೂಕು ಅಲೀಪುರದ ಹತ್ತಿರ ನಡೆದ ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ವಾಕ್ಯಭಾಗ: ಯೆಹೋಶುವ 20:1-9, ಧರ್ಮೋಪದೇಶಕಾಂಡ 10:17-19, ಅಪೊಸ್ತಲರ ಕೃತ್ಯಗಳು 2:5-11

ಬೆಂಗಳೂರಿಂದ, ಯಲಹಂಕ, ದೊಡ್ಡಬಳ್ಳಾಪುರ ಕಡೆಯಿಂದ ಬೆಳಿಗ್ಗೆನೇ ಟ್ರೈನ್ ಹಿಡಿದು ಬಂದಿದ್ದೀರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.

ಇವತ್ತಿನ ವಿಷಯವನ್ನು ಕೊಟ್ಟವರು ನಮ್ಮ ಯೂತ್ ಗ್ರೂಪಿನವರೇ. ಒಬ್ಬ ತಮ್ಮ ಹೀಗೆ ಕೇಳಿದ: "ಪಾಸ್ಟರ್, ಸಿಎಎ ಅಂತ ಇಷ್ಟೊಂದು ಗಲಾಟೆ ಮಾಡ್ತಾರೆ. ಆ ಕಾನೂನಿನಲ್ಲಿ ಕ್ರೈಸ್ತರ ಹೆಸರೂ ಇದೆ ಅಲ್ವಾ? ನಾವು ಯಾಕೆ ತಲೆ ಕೆಡಿಸ್ಕೋಬೇಕು?" ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಯಾವ ಪಾರ್ಟಿಯ ಬಾಯಿಂದಲೂ ತಗೋಬೇಡಿ. ವಾಕ್ಯ ತೆರೆಯಿರಿ, ಬೈಬಲ್ ಕೈಯಲ್ಲಿರಲಿ, ಮೊಬೈಲ್‌ನಲ್ಲಿದ್ದರೂ ಪರವಾಗಿಲ್ಲ. ನೋಟಿಫಿಕೇಷನ್ ಮಾತ್ರ ಆಫ್ ಮಾಡ್ಕೊಳ್ಳಿ.

1. ಮೊದಲು ಕಾನೂನು ಏನು ಹೇಳುತ್ತೆ ಅಂತ ತಿಳಿಯೋಣ

ಕೆಲಸ ಹುಡುಕಿಕೊಂಡು ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುವವರು ವಲಸೆಗಾರರು. ನೀವು ಗೌರಿಬಿದನೂರಿಂದ ವೈಟ್‌ಫೀಲ್ಡಿಗೆ ಹೋಗಿದ್ದೂ ಒಂದು ವಲಸೆಯೇ. ಪ್ರಾಣಭಯದಿಂದ, ಧರ್ಮದ ಕಾರಣಕ್ಕೋ ಜನಾಂಗದ ಕಾರಣಕ್ಕೋ ಹಿಂಸೆ ತಾಳಲಾರದೆ ದೇಶ ಬಿಟ್ಟು ಓಡಿಬಂದವರು ನಿರಾಶ್ರಿತರು. ಅವರು ನಮ್ಮ ಬಾಗಿಲಲ್ಲಿ ನಿಂತು ಕೇಳುವುದೇ ಆಶ್ರಯ, ಅಂದರೆ ಅಸೈಲಂ. ಈ ಎರಡನ್ನೂ ಕಲಸಿಬಿಟ್ಟರೆ ಚರ್ಚೆ ಮುಂದಕ್ಕೆ ಹೋಗಲ್ಲ.

ನಿರಾಶ್ರಿತರ ಬಗ್ಗೆ ವಿಶ್ವಸಂಸ್ಥೆಯ 1951ರ ಒಪ್ಪಂದ ಇದೆ, 1967ರಲ್ಲಿ ಅದಕ್ಕೊಂದು ಪ್ರೋಟೋಕಾಲ್ ಸೇರಿತು. ಭಾರತ ಎರಡಕ್ಕೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತಲೇ ಒಂದು ಕಾನೂನೂ ನಮ್ಮಲ್ಲಿ ಇಲ್ಲ. ಹಾಗಾಗಿ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದವನು ಜೀವ ಉಳಿಸಿಕೊಳ್ಳಲು ಬಂದಿರಲಿ, ಬೇರೆ ಯಾವುದಕ್ಕೇ ಬಂದಿರಲಿ, ಕಾನೂನಿನ ಕಣ್ಣಿಗೆ ಮೊದಲು ಅವನು ವಿದೇಶಿ. ಯಾವ ಗುಂಪನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಳಿಸಬೇಕು ಅಂತ ಆಯಾ ಕಾಲದ ಸರ್ಕಾರ ತೀರ್ಮಾನಿಸುತ್ತದೆ. ಆದರೆ ಸಂವಿಧಾನದ 21ನೇ ವಿಧಿ ಇದೆ. ಚಕ್ಮಾ ಜನರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಸ್ಪಷ್ಟವಾಗಿ ಹೇಳಿತು: ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಪ್ರಜೆಗೆ ಮಾತ್ರವಲ್ಲ, ಈ ನೆಲದಲ್ಲಿರುವ ಪ್ರತಿ ಮನುಷ್ಯನಿಗೂ ಸೇರಿದ್ದು.

ಈಗ ಸಿಎಎ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಪಾಸಾಯಿತು. 2024ರ ಮಾರ್ಚ್ 11ರಂದು ಅದರ ನಿಯಮಗಳು ಬಂದವು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಈ ಮೂರು ದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರು ಅಕ್ರಮ ವಲಸಿಗರಲ್ಲ ಅಂತ ಆ ಕಾನೂನು ಹೇಳುತ್ತದೆ. ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು ಅವರಿಗೆ 11 ವರ್ಷದಿಂದ 5 ವರ್ಷಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ಬಗ್ಗೆ ಹೊಸ ಕಾಯ್ದೆ ಜಾರಿಗೆ ಬಂದಿದೆ. ಅದರ ಜೊತೆ ಬಂದ ಆದೇಶದ ಪ್ರಕಾರ, ಇದೇ ಆರು ಸಮುದಾಯದವರು 2024ರ ಡಿಸೆಂಬರ್ 31ರವರೆಗೆ ದಾಖಲೆ ಇಲ್ಲದೆ ಬಂದಿದ್ದರೂ ಆ ಕಾರಣಕ್ಕೆ ಶಿಕ್ಷೆ ಇಲ್ಲ. ಪೌರತ್ವದ ಕಡೇ ದಿನಾಂಕ ಮಾತ್ರ ಹಳೆಯದೇ.

ಸರ್ಕಾರದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಈ ಮೂರೂ ದೇಶಗಳಲ್ಲಿ ಇಸ್ಲಾಂ ರಾಜ್ಯಧರ್ಮ. ಅಲ್ಲಿನ ಅಲ್ಪಸಂಖ್ಯಾತರಿಗೆ ಹೋಗಲು ಬೇರೆ ಜಾಗ ಇಲ್ಲ, ಉಳಿದವರಿಗೆ ಮಾಮೂಲಿ ಕಾನೂನಿನ ದಾರಿ ಇದ್ದೇ ಇದೆ ಅಂತ ಅವರು ಹೇಳುತ್ತಾರೆ. ಪಾಕಿಸ್ತಾನದಲ್ಲಿ ದೇವದೂಷಣೆಯ ಕೇಸು ಹಾಕಿಸಿಕೊಂಡು ನರಳಿದ ನಮ್ಮ ಸಹೋದರ ಸಹೋದರಿಯರು ಎಷ್ಟೋ ಜನ. ಅಂಥವರಿಗೆ ಒಂದು ಬಾಗಿಲು ತೆರೆದರೆ ನಾನು ಸ್ತೋತ್ರ ಹೇಳುತ್ತೇನೆ. ರಾಯಚೂರು ಜಿಲ್ಲೆ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ, ಈಗ ಬಾಂಗ್ಲಾದೇಶವಾಗಿರುವ ನೆಲದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳು ಹಲವು ದಶಕಗಳಿಂದ ಇವೆ. 2024ರಲ್ಲಿ ಅಲ್ಲಿನ ಕೆಲವರಿಗೆ ಈ ಕಾನೂನಿನಿಂದಲೇ ಪೌರತ್ವ ಸಿಕ್ಕಿತು. ಅದಕ್ಕೂ ಸ್ತೋತ್ರ. ಅಷ್ಟು ವರ್ಷ ಇದ್ದ ಊರಿನಲ್ಲೇ ಪರದೇಶಿ ಅನ್ನಿಸಿಕೊಂಡು ಬದುಕುವುದು ಸಣ್ಣ ಕಷ್ಟ ಅಲ್ಲ.

ಹಾಗಾದರೆ ತೊಂದರೆ ಎಲ್ಲಿ? ಪಟ್ಟಿಯೊಳಗೆ ಯಾರಿದ್ದಾರೆ ಅನ್ನುವುದರಲ್ಲಿ ತೊಂದರೆ ಇಲ್ಲ. ಯಾರು ಹೊರಗೆ ನಿಂತಿದ್ದಾರೆ ಅಂತ ನೋಡಿ. ಮ್ಯಾನ್ಮಾರ್‌ನಿಂದ ಓಡಿಬಂದ ಕ್ರೈಸ್ತ ಹೊರಗೆ. ಶ್ರೀಲಂಕಾದ ತಮಿಳರು, ಅವರಲ್ಲಿ ಹಿಂದೂಗಳೂ ಇದ್ದಾರೆ ಕ್ರೈಸ್ತರೂ ಇದ್ದಾರೆ, ಹೊರಗೆ. ಅಫ್ಘಾನಿಸ್ತಾನದ ಶಿಯಾ ಹಜಾರಾ ಜನ ಹೊರಗೆ. ಈ ಕೊನೆಯ ಹೆಸರಿಗೆ ಆಮೇಲೆ ಬರುತ್ತೇನೆ. ನಾವು ಯಾವ ಊರಿನ ಪಕ್ಕ ಕೂತಿದ್ದೀವಿ ಅನ್ನೋದು ನೆನಪಿರಲಿ.

2. ಆಶ್ರಯನಗರಗಳು: ದೇವರು ಬಾಗಿಲನ್ನು ಹೇಗೆ ಕಟ್ಟಿದನು

ಯೆಹೋಶುವ 20ನೇ ಅಧ್ಯಾಯ. ದೇಶವನ್ನು ಕುಲಗಳಿಗೆ ಹಂಚಿ ಮುಗಿದ ಮೇಲೆ ಕರ್ತನು ಆರು ಊರುಗಳನ್ನು ಆಶ್ರಯನಗರಗಳಾಗಿ ಗೊತ್ತುಮಾಡಲು ಹೇಳಿದನು. ಯೊರ್ದನಿನ ಈ ಕಡೆ ಮೂರು, ಆ ಕಡೆ ಮೂರು. ತಿಳಿಯದೆ ಕೈತಪ್ಪಿ ಒಬ್ಬನ ಜೀವ ತೆಗೆದವನು, ಸೇಡು ತೀರಿಸುವವನು ಬೆನ್ನಟ್ಟಿ ಬರುವಾಗ, ಅಲ್ಲಿಗೆ ಓಡಿಹೋಗಬಹುದಿತ್ತು. ಇದು ಇವತ್ತಿನ ಅಸೈಲಂ ಕಾನೂನಿನ ಪಡಿಯಚ್ಚಲ್ಲ, ಹಾಗೆ ಎಳೆದು ಹೇಳಬಾರದು. ಆದರೆ ಓಡಿಬಂದವನನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದರಲ್ಲಿ ದೇವರ ಮನಸ್ಸು ಇಲ್ಲಿ ಕಾಣುತ್ತದೆ. ಐದು ವಿಷಯ ಬರೆದುಕೊಳ್ಳಿ.

ಒಂದು, ದಾರಿ ಇತ್ತು. ಧರ್ಮೋಪದೇಶಕಾಂಡ 19:3ರಲ್ಲಿ ಆ ಊರುಗಳಿಗೆ ದಾರಿ ಸಿದ್ಧಮಾಡಬೇಕು ಅಂತ ಅಪ್ಪಣೆ ಇದೆ. ಓಡುವವನಿಗೆ ದಾರಿಯೇ ಇಲ್ಲದಿದ್ದರೆ ಬಾಗಿಲು ಇದ್ದೂ ಪ್ರಯೋಜನ ಇಲ್ಲ.

ಎರಡು, ವಿಚಾರಣೆ ಇತ್ತು. ಬಂದವನು ಊರಬಾಗಿಲಲ್ಲಿ ನಿಂತು ಹಿರಿಯರಿಗೆ ತನ್ನ ಸಂಗತಿ ಹೇಳಬೇಕು, ಅವರು ಕೇಳಬೇಕು. ಅವನು ಯಾವ ಕುಲದವನು ಅನ್ನೋದಕ್ಕಿಂತ ಮೊದಲು ಅವನಿಗೆ ಏನಾಗಿದೆ ಅನ್ನೋದನ್ನು ಕೇಳಿಸಿಕೊಳ್ಳಬೇಕು.

ಮೂರು, ಇರಲು ಸ್ಥಳ ಕೊಟ್ಟರು. ತೀರ್ಪು ಆಮೇಲೆ, ಜಾಗ ಮೊದಲು. ವಿಚಾರಣೆ ಮುಗಿಯುವ ತನಕ ಅವನನ್ನು ಬೀದಿಯಲ್ಲಿ ನಿಲ್ಲಿಸಲಿಲ್ಲ.

ನಾಲ್ಕು, ಬೆನ್ನಟ್ಟಿ ಬಂದವನ ಕೈಗೆ ಒಪ್ಪಿಸಲಿಲ್ಲ. ಇದೇ ಮಾತು ಧರ್ಮೋಪದೇಶಕಾಂಡ 23:15-16ರಲ್ಲೂ ಬರುತ್ತದೆ. ಯಜಮಾನನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ವಾಪಸ್ ಕೊಡಬಾರದು, ಅವನು ಇಷ್ಟಪಟ್ಟ ಊರಲ್ಲಿ ಇರಲಿ, ಅವನನ್ನು ಪೀಡಿಸಬೇಡಿ. ಸಾವಿನ ಕೈಗೆ ವಾಪಸ್ ಕಳಿಸಬಾರದು ಅಂತ ಇವತ್ತು ಅಂತರರಾಷ್ಟ್ರೀಯ ಕಾನೂನು ಹೇಳುತ್ತೆ. ಮೋಶೆಯ ಧರ್ಮಶಾಸ್ತ್ರ ಅದಕ್ಕಿಂತ ಎಷ್ಟೋ ಮುಂಚೆ ಹೇಳಿತ್ತು.

ಐದು, ಪರದೇಶಿಗೂ ಅದೇ ಬಾಗಿಲು. ಯೆಹೋಶುವ 20:9, ಅರಣ್ಯಕಾಂಡ 35:15 ಎರಡನ್ನೂ ಓದಿ. ಇಸ್ರಾಯೇಲ್ಯನಿಗೆ ಒಂದು ಗೇಟು, ಹೊರಗಿನವನಿಗೆ ಇನ್ನೊಂದು ಗೇಟು ಇರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಬಿಡುವ ಹಾಗಿಲ್ಲ. ಬೇಕೆಂದೇ ಕೊಲೆ ಮಾಡಿದವನಿಗೆ ಆ ಊರು ಆಶ್ರಯವಾಗಿರಲಿಲ್ಲ. ವಿಚಾರಣೆಯಲ್ಲಿ ಅದು ಹೊರಬಿದ್ದರೆ ಹಿರಿಯರೇ ಅವನನ್ನು ಒಪ್ಪಿಸಬೇಕಿತ್ತು. ಹಾಗಾಗಿ "ಗಡಿಯೇ ಬೇಡ, ಯಾರು ಬೇಕಾದರೂ ಬರಲಿ" ಅಂತ ಬೈಬಲ್ ಹೇಳಲ್ಲ. ಗೇಟು ಇರಬೇಕು, ಗೇಟಲ್ಲಿ ಹಿರಿಯರು ಇರಬೇಕು, ದಾಖಲೆ ಪರೀಕ್ಷೆ ಆಗಬೇಕು. ರೋಮಾಪುರದವರಿಗೆ 13ರಲ್ಲಿ ಪೌಲನು ಅಧಿಕಾರಿಗಳಿಗೆ ಕೊಟ್ಟ ಸ್ಥಾನವನ್ನು ನಾವು ಗೌರವಿಸುತ್ತೇವೆ. ದೇಶದ ಭದ್ರತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಅದರಲ್ಲಿ ಪಾಪ ಇಲ್ಲ. ಗೇಟಲ್ಲಿ ಕೇಳುವ ಪ್ರಶ್ನೆ ಯಾವುದು ಅನ್ನುವುದೇ ವಿಷಯ.

3. ನಮ್ಮ ರಾಜ್ಯಕ್ಕೇ ಒಂದು ಸಾಕ್ಷಿ ಇದೆ

ಬೇರೆ ದೇಶದ ಕಥೆ ಬೇಡ, ಮೈಸೂರು ಕಡೆಗೆ ಹೋಗೋಣ. ದಲೈ ಲಾಮಾ 1959ರಲ್ಲಿ ಟಿಬೆಟ್‌ನಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ದಾರಿಯಲ್ಲಿ ನಡೆದು ಬಂದರು. ಅವರಿಗೆ ಜಾಗ ಕೊಡಿ ಅಂತ ನೆಹರೂ ಸರ್ಕಾರ ರಾಜ್ಯಗಳನ್ನು ಕೇಳಿತು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ. ಬೈಲಕುಪ್ಪೆಯಲ್ಲಿ ಎರಡು ಸೇರಿ ಒಟ್ಟು ಐದು ಟಿಬೆಟನ್ ನೆಲೆಗಳು ನಮ್ಮ ರಾಜ್ಯದಲ್ಲಿವೆ.

ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಮಠ ಕಟ್ಟಿದರು, ಶಾಲೆ ಕಟ್ಟಿದರು. ಚಳಿಗಾಲ ಬಂದರೆ ನಮ್ಮೂರುಗಳಲ್ಲಿ ಸ್ವೆಟರ್ ಮಾರಲು ಬರುವವರು ಅವರೇ. ಅವರು ನಮ್ಮ ಭಾಷೆಯವರಲ್ಲ, ನಮ್ಮ ಊಟದವರಲ್ಲ. ಒಪ್ಪಂದಕ್ಕೆ ಸಹಿ ಹಾಕದ ದೇಶವೇ ಅವರಿಗೆ ನೆಲ ಕೊಟ್ಟಿತು, ನೋಂದಣಿ ಪತ್ರ ಕೊಟ್ಟಿತು. ಅದರಿಂದ ಕರ್ನಾಟಕ ಮುಳುಗಿಹೋಯಿತಾ? ಇಲ್ಲ. ಇವತ್ತು ನೀವು ಕೂರ್ಗಿಗೆ ಟ್ರಿಪ್ ಹೋದಾಗ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತಗೊಳ್ತೀರಿ. ಅದು ನಿರಾಶ್ರಿತರ ಊರು ಅನ್ನೋದೇ ಮರೆತುಹೋಗುತ್ತೆ.

ಮನಸ್ಸಿದ್ದರೆ ಆಗುತ್ತದೆ ಅನ್ನುವುದಕ್ಕೆ ಈ ಸಾಕ್ಷಿ ಸಾಕು. ಗೇಟೂ ಇತ್ತು, ದಾಖಲೆಯೂ ಇತ್ತು, ಸ್ಥಳವೂ ಸಿಕ್ಕಿತು.

4. ಪಕ್ಷಪಾತ ಮಾಡದ ದೇವರು

ಈಗ ತಮ್ಮನ ಪ್ರಶ್ನೆಗೆ ಬರೋಣ. "ನಮ್ಮ ಹೆಸರಿದೆ ಅಲ್ವಾ?"

ಧರ್ಮೋಪದೇಶಕಾಂಡ 10:17ರಿಂದ 19 ನಿಧಾನವಾಗಿ ಓದಿ. ಅಲ್ಲಿ ಒಂದರ ಹಿಂದೆ ಒಂದು ಮೂರು ಮಾತು ಬರುತ್ತವೆ. ದೇವರು ಮುಖ ನೋಡಿ ನ್ಯಾಯ ಮಾಡುವವನಲ್ಲ, ಲಂಚಕ್ಕೆ ಬಗ್ಗುವವನಲ್ಲ. ಆತನು ಅನಾಥರ, ವಿಧವೆಯರ ನ್ಯಾಯ ತೀರಿಸುತ್ತಾನೆ, ಪರದೇಶಿಯನ್ನು ಪ್ರೀತಿಸಿ ಅನ್ನ ಬಟ್ಟೆ ಕೊಡುತ್ತಾನೆ. ಆದ್ದರಿಂದ ನೀವೂ ಪರದೇಶಿಯನ್ನು ಪ್ರೀತಿಸಬೇಕು, ಯಾಕಂದರೆ ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ. ಪರದೇಶಿಯ ಮೇಲಿನ ಪ್ರೀತಿ ಇಲ್ಲಿ ದೇವರ ಗುಣದಿಂದಲೇ ಹುಟ್ಟುತ್ತಿದೆ ನೋಡಿ. ಯಾವ ಜಾತಿಯ ಪರದೇಶಿ, ಯಾವ ಮತದ ಪರದೇಶಿ ಅಂತ ಅಲ್ಲಿ ಬರೆದಿಲ್ಲ.

ಪಟ್ಟಿಯ ವಿಷಯದಲ್ಲೇ ಇನ್ನೊಂದು. ಧರ್ಮೋಪದೇಶಕಾಂಡ 23:3ರ ಪ್ರಕಾರ ಮೋವಾಬ್ಯರಿಗೆ ಕರ್ತನ ಸಭೆಯೊಳಗೆ ಪ್ರವೇಶ ಇಲ್ಲ. ಅವರು ಪಟ್ಟಿಯಿಂದ ಹೊರಗೆ. ಆದರೆ ರೂತಳು ಯಾರು? ಮೋವಾಬ್ಯಳು. ಗಂಡ ಸತ್ತವಳು, ಅತ್ತೆಯ ಹಿಂದೆ ಗಡಿ ದಾಟಿ ಬಂದವಳು, ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದು ಹೊಟ್ಟೆ ಹೊರೆದವಳು. ಬೋವಜನು ಕಾನೂನಿನ ಹಾಳೆ ಹಿಡಿದು ಅವಳನ್ನು ಓಡಿಸಬಹುದಿತ್ತು. ಓಡಿಸಲಿಲ್ಲ. ಊರಬಾಗಿಲಲ್ಲಿ ಹಿರಿಯರ ಮುಂದೆ, ಎಲ್ಲವನ್ನೂ ಕಾನೂನುಬದ್ಧವಾಗಿಯೇ ಮಾಡಿ ಅವಳನ್ನು ಸೇರಿಸಿಕೊಂಡನು. ಮತ್ತಾಯ 1:5 ತೆಗೆಯಿರಿ. ನಮ್ಮ ರಕ್ಷಕನ ವಂಶಾವಳಿಯಲ್ಲಿ ಅವಳ ಹೆಸರಿದೆ! ಹಲ್ಲೆಲೂಯ!

ಆ ರಕ್ಷಕನೂ ಎರಡು ವರ್ಷದೊಳಗಿನ ಕೂಸಾಗಿದ್ದಾಗ, ಹೆರೋದನ ಕತ್ತಿಗೆ ತಪ್ಪಿಸಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೋದನು. ಐಗುಪ್ತದ ಗಡಿಯಲ್ಲಿ ಯಾರಾದರೂ "ನೀವು ಯಾವ ಮತದವರು?" ಅಂತ ಕೇಳಿ ಯೋಸೇಫನನ್ನು ವಾಪಸ್ ಕಳಿಸಿದ್ದರೆ? ಒಂದು ನಿಮಿಷ ಯೋಚಿಸಿ.

5. ಅಲೀಪುರದ ಕಡೆಗೆ ತಿರುಗಿ ನೋಡಿ

ನಾವು ಕೂತಿರುವ ಜಾಗದಿಂದ ಅಲೀಪುರ ದೂರ ಇಲ್ಲ. ಹರಳು ಉಜ್ಜುವ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಬಹುಪಾಲು ಜನ ಶಿಯಾ ಮುಸ್ಲಿಮರು. ಓದಲು ಇರಾನಿಗೆ ಹೋಗುವ ಮಕ್ಕಳು ಆ ಊರಲ್ಲಿ ಹಿಂದಿನಿಂದಲೂ ಇದ್ದಾರೆ. ಕೆಲವರು ಧರ್ಮಶಾಸ್ತ್ರ ಓದುತ್ತಾರೆ, ಕೆಲವರು ಡಾಕ್ಟರಾಗಲು ಓದುತ್ತಾರೆ.

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಶುರು ಮಾಡಿತು. ಟೆಹರಾನ್‌ನಲ್ಲಿ ಕ್ಷಿಪಣಿ ಬೀಳುತ್ತಿದ್ದಾಗ ಅಲೀಪುರದ ವಿದ್ಯಾರ್ಥಿಗಳೂ ಆ ದೇಶದಲ್ಲಿದ್ದರು. ವಿಮಾನ ಇಲ್ಲ, ಇಂಟರ್‌ನೆಟ್ ಸರಿಯಾಗಿಲ್ಲ. ಮಗನ ಫೋನ್ ಸಿಗದ ತಾಯಿಗೆ ಎಂಥಾ ರಾತ್ರಿ ಅದು! ನಮ್ಮ ಸರ್ಕಾರ ಆಪರೇಷನ್ ಸಿಂಧು ಅಂತ ಕಾರ್ಯಾಚರಣೆ ಮಾಡಿತು. ಇರಾನಿನ ಉತ್ತರದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳನ್ನು ರಸ್ತೆಯ ಮೂಲಕ ಗಡಿ ದಾಟಿಸಿ ಆರ್ಮೇನಿಯಕ್ಕೆ ಕರೆದೊಯ್ದರು. ಅಲ್ಲಿನ ಯೆರೆವಾನ್‌ನಿಂದ ಹೊರಟ ಮೊದಲ ವಿಮಾನ 110 ವಿದ್ಯಾರ್ಥಿಗಳನ್ನು ಹೊತ್ತು ಜೂನ್ 19ರಂದು ದೆಹಲಿಗೆ ಬಂತು. ಅವರಲ್ಲಿ ಬಹಳ ಜನ ಕಾಶ್ಮೀರದ ಮುಸ್ಲಿಂ ಮಕ್ಕಳು.

ಆರ್ಮೇನಿಯ ಅಂದರೆ ಯಾವ ದೇಶ ಗೊತ್ತಾ? 4ನೇ ಶತಮಾನದ ಆರಂಭದಲ್ಲೇ ಕ್ರೈಸ್ತಧರ್ಮವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿದ ದೇಶ. 1915ರಿಂದ ನಡೆದ ಹತ್ಯಾಕಾಂಡದಲ್ಲಿ ಒಟ್ಟೋಮನ್ ಸಾಮ್ರಾಜ್ಯದ ಆರ್ಮೇನಿಯನ್ ಕ್ರೈಸ್ತರು ಲಕ್ಷಗಟ್ಟಲೆ ಸತ್ತರು. ಉಳಿದವರು ಸಿರಿಯಾ, ಲೆಬನಾನ್, ಇರಾನ್ ಕಡೆಗೆ ಓಡಿದರು. ಆಗ ಮುಸ್ಲಿಮರ ನಾಡುಗಳಲ್ಲಿ ಅವರಿಗೆ ನೆಲೆ ಸಿಕ್ಕಿತು. ನೂರು ವರ್ಷ ಆದ ಮೇಲೆ ಇರಾನಿನಿಂದ ಓಡಿಬಂದ ಮಕ್ಕಳಿಗೆ ಅದೇ ಆರ್ಮೇನಿಯನ್ನರ ದೇಶ ಗಡಿ ತೆರೆಯಿತು. ಇಂದು ಬಾಗಿಲ ಒಳಗಿರುವವನು ನಾಳೆ ಬಾಗಿಲ ಹೊರಗೆ ನಿಲ್ಲಬಹುದು. ಇದನ್ನು ಇತಿಹಾಸವೂ ಹೇಳುತ್ತೆ, ಐಗುಪ್ತವನ್ನು ನೆನಪಿಡಿ ಅಂತ ಮೋಶೆಯೂ ಹೇಳುತ್ತಾನೆ.

ಈಗ ಹಜಾರಾ ಜನರ ಮಾತು. ಇವರೂ ಅಲೀಪುರದವರ ಹಾಗೆ ಶಿಯಾ ಪಂಥದವರು, ಅಫ್ಘಾನಿಸ್ತಾನದವರು. 2022ರ ಸೆಪ್ಟೆಂಬರ್ 30ರಂದು ಕಾಬೂಲಿನ ಕಾಜ್ ಅನ್ನುವ ಟ್ಯೂಷನ್ ಸೆಂಟರ್‌ನಲ್ಲಿ ಮಕ್ಕಳು ಎಂಟ್ರೆನ್ಸ್ ಪರೀಕ್ಷೆಯ ಅಭ್ಯಾಸ ಮಾಡುತ್ತಿದ್ದರು. ಆತ್ಮಾಹುತಿ ಬಾಂಬ್ ಸಿಡಿದು 50ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗಿಯರು. ನೀಟ್, ಸಿಇಟಿ ಬರೆದ ನಿಮ್ಮಂಥ ಮಕ್ಕಳು. ಅಲ್ಲಿಂದ ಜೀವ ಹಿಡಿದು ಓಡಿಬಂದ ಒಂದು ಹಜಾರಾ ಹುಡುಗಿ, ಅವಳ ಪಕ್ಕದಲ್ಲಿ ಅದೇ ಊರಿನಿಂದ ಓಡಿಬಂದ ಒಬ್ಬ ಕ್ರೈಸ್ತ ಹುಡುಗಿ, ಇಬ್ಬರೂ ನಮ್ಮ ಗೇಟಿಗೆ ಬಂದರು ಅಂತ ಇಟ್ಟುಕೊಳ್ಳಿ. ಇಬ್ಬರ ಬೆನ್ನ ಹಿಂದೆಯೂ ಸಾವಿದೆ. ಒಬ್ಬಳಿಗೆ ದಾಖಲೆ ಇಲ್ಲದಿದ್ದರೂ ಶಿಕ್ಷೆ ಇಲ್ಲ, ಇನ್ನೊಬ್ಬಳಿಗೆ ಆ ರಕ್ಷಣೆ ಇಲ್ಲ. ಅವರ ನಡುವಿನ ವ್ಯತ್ಯಾಸ ಅಪಾಯದಲ್ಲಿ ಇಲ್ಲ, ಮತದಲ್ಲಿದೆ.

ಆಗ "ನಮ್ಮವಳು ಒಳಗೆ ಬಂದಳಲ್ಲ, ಸಾಕು" ಅಂತ ನಾವು ಸುಮ್ಮನಿರಬಹುದಾ? ಇರಲಾರೆವು ಅಂತ ನಾನು ವಾಕ್ಯದ ಆಧಾರದಲ್ಲಿ ಹೇಳುತ್ತೇನೆ. ನಮ್ಮವಳನ್ನು ಹೊರಗೆ ಹಾಕಿ ಅಂತ ಕೇಳಬೇಕಿಲ್ಲ. ಅವಳಿಗೆ ಕೇಳಿದ ಪ್ರಶ್ನೆಯನ್ನೇ ಇವಳಿಗೂ ಕೇಳಿ ಅಂತ ಕೇಳಬೇಕು. ಯಾಜಕಕಾಂಡ 24:22ರಲ್ಲಿ ಸ್ವದೇಶಿಗೂ ಪರದೇಶಿಗೂ ಒಂದೇ ನ್ಯಾಯ ಅಂತ ಇರುವಾಗ, ಪರದೇಶಿ ಪರದೇಶಿಯ ನಡುವೆ ಎರಡು ನ್ಯಾಯ ಹೇಗೆ ಸರಿ? ಕಾಯ್ದೆಯ ವಿರುದ್ಧ ಹಾಕಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತೀರ್ಪು ಕೊಡುವುದು ನ್ಯಾಯಾಧೀಶರ ಕೆಲಸ. ಸಭೆಯ ಮನಸ್ಸು ಯಾವ ಕಡೆಗಿರಬೇಕು ಅನ್ನುವುದನ್ನು ವಾಕ್ಯ ಆಗಲೇ ಹೇಳಿಬಿಟ್ಟಿದೆ.

ನಾವು ಪೆಂತೆಕೋಸ್ತಿನವರು ಅಂತ ಹೆಮ್ಮೆಯಿಂದ ಹೇಳ್ತೀವಿ. ಅಪೊಸ್ತಲರ ಕೃತ್ಯಗಳು 2ರಲ್ಲಿ ಪರಿಶುದ್ಧಾತ್ಮನು ಇಳಿದು ಬಂದ ದಿನ ಯೆರೂಸಲೇಮಿನಲ್ಲಿ ಯಾರ್ಯಾರು ಇದ್ದರು ಅಂತ ಲೂಕನು ಒಂದು ಪಟ್ಟಿ ಕೊಡುತ್ತಾನೆ. ಮೊದಲ ಮೂರು ಹೆಸರು ಯಾವುವು? ಪಾರ್ಥ್ಯರು, ಮೇದ್ಯರು, ಏಲಾಮ್ಯರು. ಮೂರೂ ಇವತ್ತಿನ ಇರಾನಿನ ನೆಲದವರು! ಬೇರೆ ಬೇರೆ ದೇಶದಿಂದ ಬಂದ ಯೆಹೂದ್ಯರು, ಯೆಹೂದ್ಯ ಮತಕ್ಕೆ ಸೇರಿದವರು ಅಲ್ಲಿದ್ದರು. ಒಬ್ಬೊಬ್ಬನೂ ತಾನು ಹುಟ್ಟಿದ ನಾಡಿನ ಮಾತಲ್ಲೇ ದೇವರ ಮಹತ್ತುಗಳನ್ನು ಕೇಳಿದನು. ನಮ್ಮ ಸಭೆ ಹುಟ್ಟಿದ ದಿನದ ಪಟ್ಟಿ ಅದು. ಅನ್ಯಭಾಷೆಯಲ್ಲಿ ಮಾತಾಡುವ ವರ ಬೇಕು ಅಂತ ಉಪವಾಸ ಮಾಡ್ತೀವಿ, ಆದರೆ ಬೇರೆ ಭಾಷೆ ಮಾತಾಡುವ ಮನುಷ್ಯ ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ಮುಖ ಸಿಂಡರಿಸ್ತೀವಿ. ಇದು ಆತ್ಮನ ಕೆಲಸ ಅಲ್ಲ ಪ್ರಿಯರೇ.

6. ನಮ್ಮವರನ್ನು ಪ್ರೀತಿಸುವುದು ಮೊದಲ ಮೆಟ್ಟಿಲು

ಒಳ್ಳೆಯ ಮಾದರಿ ಮಿಜೋರಾಂನಲ್ಲಿದೆ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಚಿನ್ ಜನ, ಅವರಲ್ಲಿ ಹೆಚ್ಚಿನವರು ಕ್ರೈಸ್ತರು, ಗಡಿ ದಾಟಿ ಬಂದರು. ಒಳಗೆ ಬಿಡಬೇಡಿ ಅಂತ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಈಶಾನ್ಯದ ಗಡಿ ರಾಜ್ಯಗಳಿಗೆ ಪತ್ರ ಬರೆಯಿತು. ಆಗಿನ ಮುಖ್ಯಮಂತ್ರಿ ಜೋರಾಂಥಂಗಾ ಪ್ರಧಾನಿಗೇ ಪತ್ರ ಬರೆದು, ಇವರು ನಮ್ಮ ರಕ್ತಸಂಬಂಧಿಗಳು, ಕಣ್ಣುಮುಚ್ಚಿ ಕೂರಲು ಆಗಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಸಭೆಗಳು, ಯುವಕರ ಸಂಘಗಳು, ಸಾಮಾನ್ಯ ಮನೆಗಳವರು ಅಕ್ಕಿ, ಬಟ್ಟೆ, ತಗಡಿನ ಶೀಟು ಕೊಟ್ಟರು. ಹೀಗೆ ಬಂದವರ ಸಂಖ್ಯೆ 30,000 ದಾಟಿತು. ಮಿಜೋ ಜನ ಕದ್ದುಮುಚ್ಚಿ ಮಾಡಲಿಲ್ಲ. ಬಹಿರಂಗವಾಗಿ ಮಾಡಿದರು, ಬಹಿರಂಗವಾಗಿಯೇ ಕೇಳಿಕೊಂಡರು.

ಇದಕ್ಕೆ ಆಮೆನ್ ಹೇಳಿ, ಆದರೆ ಮತ್ತಾಯ 5:46-47 ಕೂಡ ಓದಿ. ನಮ್ಮನ್ನು ಪ್ರೀತಿಸುವವರನ್ನೇ ಪ್ರೀತಿಸಿದರೆ, ನಮ್ಮವರಿಗೇ ವಂದನೆ ಹೇಳಿದರೆ ಅದರಲ್ಲಿ ಹೆಚ್ಚೇನು ಅಂತ ಯೇಸು ಕೇಳುತ್ತಾನೆ. ಲೂಕ 10ರಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡವನು ಸ್ವಂತ ಜನ ಅಲ್ಲ, ಸಮಾರ್ಯದವನು. ಅವನ ಮತ ಬೇರೆ, ಅವನ ಆರಾಧನೆಯ ಬೆಟ್ಟ ಬೇರೆ. ಬಂಧುವನ್ನು ಎತ್ತಿಕೊಳ್ಳುವುದು ಮೊದಲ ಮೆಟ್ಟಿಲು. ಕರ್ತನು ನಮ್ಮನ್ನು ಎರಡನೇ ಮೆಟ್ಟಿಲಿಗೆ ಕರೆಯುತ್ತಿದ್ದಾನೆ.

7. ಬೆಂಗಳೂರಿನಲ್ಲಿ ಇರುವ ನಿಮಗೆ

ಇಷ್ಟೆಲ್ಲ ಕೇಳಿ "ಪಾಲಿಸಿ ಮಾಡೋದು ದೆಹಲಿಯಲ್ಲಿ, ನಾನೇನು ಮಾಡಲಿ" ಅನ್ನಬೇಡಿ. ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ.

ಸುಳ್ಳುಸಾಕ್ಷಿ ಹೇಳಬೇಡಿ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಶೆಡ್ಡುಗಳನ್ನು ಕೆಡವಿದರು. ಅದಕ್ಕೆ ಮುಂಚೆ, ಅಲ್ಲಿರುವವರು ಬಾಂಗ್ಲಾದೇಶಿಗಳು ಅಂತ ವಿಡಿಯೋ ಓಡಾಡಿತ್ತು. ನೆಲಸಮ ಆದ ಮೇಲೆ ನೋಡಿದರೆ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದ ಕೂಲಿ ಕಾರ್ಮಿಕರೂ ಬೀದಿಯಲ್ಲಿದ್ದರು. ಕೈಯಲ್ಲಿ ಆಧಾರ್, ವೋಟರ್ ಐಡಿ ಹಿಡಿದು ಕನ್ನಡದಲ್ಲೇ ಅಳುತ್ತಿದ್ದರು. ಈ ತೆರವು ಕಾನೂನುಬಾಹಿರ ಅಂತ ಹೈಕೋರ್ಟ್ ಹೇಳಿತು. ಕೋರ್ಟ್ ಹೇಳುವ ಹೊತ್ತಿಗೆ ಅಡುಗೆ ಪಾತ್ರೆ, ಮಕ್ಕಳ ಪುಸ್ತಕ ಎಲ್ಲ ಜೆಸಿಬಿ ಕೆಳಗೆ ಹೋಗಿದ್ದವು. ಒಂದು ವಿಡಿಯೋ ಫಾರ್ವರ್ಡ್ ಮಾಡಲು ಎರಡು ಸೆಕೆಂಡು ಸಾಕು. ಹತ್ತು ಆಜ್ಞೆಗಳಲ್ಲಿ ಒಂಬತ್ತನೆಯದು ವಾಟ್ಸಾಪಿಗೂ ಅನ್ವಯಿಸುತ್ತದೆ. ಓಡಿಹೋಗುವವರನ್ನು ದಾರಿಯ ಕೂಡಿನಲ್ಲಿ ನಿಂತು ಹಿಡಿದುಕೊಟ್ಟ ಎದೋಮ್ಯರಿಗೆ ಓಬದ್ಯನ 14ನೇ ವಚನದಲ್ಲಿ ಏನು ಎಚ್ಚರಿಕೆ ಇದೆ ಅಂತ ಮನೆಗೆ ಹೋಗಿ ಓದಿ.

ಕಾನೂನಿನ ಒಳಗೇ ಅತಿಥಿಸತ್ಕಾರ ಮಾಡಿ. ನಿಮ್ಮ ಕಾಲೇಜಿನಲ್ಲಿ ಆಫ್ರಿಕಾದ, ನೇಪಾಳದ, ಅಫ್ಘಾನಿಸ್ತಾನದ ವಿದ್ಯಾರ್ಥಿಗಳಿರಬಹುದು. ಭಾನುವಾರ ಊಟಕ್ಕೆ ಕರೆಯಿರಿ. ಮನೆಯಲ್ಲೋ ಪಿಜಿಯಲ್ಲೋ ವಿದೇಶಿಯರನ್ನು ಉಳಿಸಿಕೊಂಡರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಬಹಳ ಜನ ಇದನ್ನು ಫಾರ್ಮ್ ಸಿ ಅಂತಲೇ ಕರೀತಾರೆ. ಅದನ್ನು ತಪ್ಪದೆ ಮಾಡಿ. ಪಾಪ ಅನ್ನಿಸಿತು ಅಂತ ಯಾರಿಗೂ ಸುಳ್ಳು ಆಧಾರ್, ಸುಳ್ಳು ಬಾಡಿಗೆ ಕರಾರು ಮಾಡಿಕೊಡಬೇಡಿ. ಸುಳ್ಳಿನ ಮೇಲೆ ಕಟ್ಟಿದ ಆಶ್ರಯ ಅವರ ತಲೆ ಮೇಲೇ ಬೀಳುತ್ತದೆ.

ಸೆರೆಯಲ್ಲಿರುವವರನ್ನು ನೆನಪಿಡಿ. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ದಾಖಲೆ ಇಲ್ಲದ ವಿದೇಶಿಯರನ್ನು ಇರಿಸಲು ಒಂದು ಕೇಂದ್ರ ಇದೆ. ಮತ್ತಾಯ 25ರಲ್ಲಿ ಪರದೇಶಿ ಮತ್ತು ಸೆರೆಯವನು ಒಟ್ಟಿಗೆ ಬರುತ್ತಾರೆ. ಇಲ್ಲಿ ಇಬ್ಬರೂ ಒಬ್ಬನೇ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ನಿಮ್ಮಲ್ಲಿ ಲಾ ಓದುತ್ತಿರುವವರು ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಅಲ್ಲಿ ಹೇಗೆ ಸೇವೆ ಮಾಡಬಹುದು ಅಂತ ಕೇಳಿ. ಇದೂ ಒಂದು ಮಿನಿಸ್ಟ್ರಿ.

ಅನ್ನ ಕೊಟ್ಟು ಆತ್ಮ ಕೇಳಬೇಡಿ. ಸಹಾಯಕ್ಕೆ ಷರತ್ತು ಹಾಕಬೇಡಿ. ಆಮಿಷ ಒಡ್ಡಿ ಮತ ಬದಲಿಸಿದರು ಅನ್ನುವ ಮಾತು ನಮ್ಮ ಮೇಲೆ ಬರಬಾರದು. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಇದೆ. ದೇವರು ಪರದೇಶಿಗೆ ಅನ್ನ ಬಟ್ಟೆ ಕೊಟ್ಟಾಗ ರಸೀದಿ ಬರೆಸಿಕೊಳ್ಳಲಿಲ್ಲ. ಯಾರಾದರೂ ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದರೆ ಧೈರ್ಯವಾಗಿ, ವಿನಯದಿಂದ ಹೇಳಿ.

8. ಓಡಿಬಂದವರು ನಾವೇ

ಆಶ್ರಯನಗರದ ಕಥೆಯಲ್ಲಿ ಒಂದು ವಿಷಯ ಬಿಟ್ಟಿದ್ದೆ. ಯೆಹೋಶುವ 20:6. ಒಳಗೆ ಬಂದವನು ಯಾವಾಗ ತನ್ನ ಮನೆಗೆ ಹೋಗಬಹುದು? ಆ ಕಾಲದ ಮಹಾಯಾಜಕನು ಸತ್ತ ಮೇಲೆ. ಅವನ ಸಾವಿನ ನಂತರ ಬೆನ್ನಟ್ಟಿದವನಿಗೆ ಹಕ್ಕಿಲ್ಲ, ಓಡಿಬಂದವನು ಬಿಡುಗಡೆ. ಇಬ್ರಿಯರಿಗೆ ಬರೆದ ಪತ್ರಿಕೆ 6:18ರಲ್ಲಿ, ಆಶ್ರಯಕ್ಕಾಗಿ ಓಡಿಬಂದವರು ಅಂತ ನಮ್ಮನ್ನೇ ಕರೆದಿದೆ. ಅದೇ ಅಧ್ಯಾಯದ ಕೊನೆಗೆ ಯೇಸುವನ್ನು ನಮ್ಮ ಮಹಾಯಾಜಕನು ಅನ್ನುತ್ತದೆ. ಆತನು ಸತ್ತನು, ನಾವು ಬಿಡುಗಡೆಯಾದೆವು. ನಮ್ಮ ಕೈಯಲ್ಲಿ ಯಾವ ದಾಖಲೆ ಇತ್ತು? ಯಾವ ಪಟ್ಟಿಯಲ್ಲಿ ನಮ್ಮ ಹೆಸರಿತ್ತು? ಎಫೆಸದವರಿಗೆ 2:12 ಹೇಳುವ ಹಾಗೆ ನಾವು ಹಕ್ಕಿಲ್ಲದವರು, ವಾಗ್ದಾನಗಳಿಗೆ ಹೊರಗಿನವರು. ಕೃಪೆಯಿಂದ ಒಳಗೆ ಬಂದೆವು. ಕೃಪೆಯಿಂದ ಒಳಗೆ ಬಂದವರು ಒಳಗಿನಿಂದ ಅಗುಳಿ ಹಾಕಿಕೊಳ್ಳುವುದು ಹೇಗೆ?

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಪಟ್ಟಿಯಲ್ಲಿ ನಮ್ಮ ಹೆಸರಿರುವುದಕ್ಕೆ ಕೃತಜ್ಞತೆ ಇರಲಿ. ಆದರೆ ನಮಗೆ ಸಿಕ್ಕ ಜಾಗದಲ್ಲಿ ನಿಂತು, ಹೊರಗೆ ನಿಂತವರ ಪರವಾಗಿ ಬಾಯಿ ತೆರೆಯುವುದೇ ಕ್ರೈಸ್ತರ ಕೆಲಸ. ಜ್ಞಾನೋಕ್ತಿ 31:8 ಕೂಡ ಅದನ್ನೇ ಹೇಳುತ್ತದೆ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ದೂರವಾಗಿದ್ದಾಗ ನಿನ್ನ ಮಗನ ರಕ್ತದಿಂದ ನಮ್ಮನ್ನು ಹತ್ತಿರಕ್ಕೆ ತಂದೆಯಲ್ಲಾ, ನಿನಗೆ ಸ್ತೋತ್ರ. ದೇಶವನ್ನು ಆಳುವವರಿಗೆ ಜ್ಞಾನವನ್ನೂ ಕರುಣೆಯನ್ನೂ ಕೊಡು. ಅಲೀಪುರದ ಮನೆಗಳಲ್ಲಿ ದೂರದ ದೇಶದ ಮಕ್ಕಳಿಗಾಗಿ ಕಾಯುವ ತಾಯಂದಿರಿಗೆ ಸಮಾಧಾನ ಕೊಡು. ಗಡಿಯಲ್ಲಿ, ಕ್ಯಾಂಪಿನಲ್ಲಿ, ಸೆರೆಯಲ್ಲಿ ಇರುವವರನ್ನು ಕಾಪಾಡು. ನಮ್ಮ ನಾಲಿಗೆಯನ್ನು ಸುಳ್ಳಿನಿಂದ, ನಮ್ಮ ಹೃದಯವನ್ನು ಪಕ್ಷಪಾತದಿಂದ ತೊಳೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಈ ವಾರದ ಸೆಲ್ ಗ್ರೂಪಿಗೆ ಪ್ರಶ್ನೆಗಳು

1. ಯೆಹೋಶುವ 20ರ ಐದು ವಿಷಯಗಳಲ್ಲಿ ನಮ್ಮ ದೇಶದ ಈಗಿನ ಪದ್ಧತಿಯಲ್ಲಿ ಯಾವುದು ಇದೆ, ಯಾವುದು ಇಲ್ಲ?
2. ಬೈಲಕುಪ್ಪೆಯಲ್ಲಿ ಆದದ್ದು ಬೇರೆ ಕಡೆ ಯಾಕೆ ಆಗಲಿಲ್ಲ? ಬಂದವರ ಮತ, ಭಾಷೆ, ನಮ್ಮ ಭಯ, ಇವುಗಳಲ್ಲಿ ಯಾವುದರ ಪಾತ್ರ ಎಷ್ಟು?
3. ಗೇಟಿನ ಮುಂದೆ ನಿಂತ ಇಬ್ಬರು ಅಫ್ಘಾನ್ ಹುಡುಗಿಯರಲ್ಲಿ ಹಜಾರಾ ಹುಡುಗಿಯ ಪರವಾಗಿ ನೀವು ಒಂದು ಮನವಿ ಬರೆಯಬೇಕಾದರೆ ಯಾವ ವಾಕ್ಯ, ಯಾವ ಕಾನೂನು ಹಿಡಿದು ಬರೆಯುತ್ತೀರಿ?
4. ನಿಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಪಿಜಿಯಲ್ಲಿ ಹೊರಗಿನವನು ಅನ್ನಿಸಿಕೊಂಡು ಬದುಕುತ್ತಿರುವ ಒಬ್ಬರನ್ನು ನೆನೆಸಿಕೊಳ್ಳಿ. ಮುಂದಿನ ಭಾನುವಾರದೊಳಗೆ ಅವರಿಗಾಗಿ ಮಾಡಬಹುದಾದ ಒಂದು ಕೆಲಸ ಯಾವುದು?